ನೂರೆಂಟು ಮನೆಗಳ ಪುಟ

ಗೈದರ್ಸ್‌ಬರ್ಗ್‌ನ ನಮ್ಮ ಹಳೆಯ ಮನೆ ಎಂದರೆ ನನಗೆ ಮೊದಲು ನೆನಪಾಗುವುದು ಅಡುಗೆಮನೆಯ ಫ್ರಿಜ್ಜು. ಕೋವಿಡ್ ಶುರುವಾದ ವರ್ಷ ಅದರ ಬಾಗಿಲಿಗೆ ಒಂದು ದೊಡ್ಡ ಹಾಳೆ ಅಂಟಿಕೊಂಡಿತ್ತು. ತಲೆಬರಹ ‘ಅಮ್ಮನ ಲಕ್ಷ’. ಕೆಳಗೆ ದಿನಕ್ಕೊಂದು ಚೌಕ. ಅಜ್ಜಿ ಆ ದಿನ ಮೂರು ಪುಟ ಬರೆದಿದ್ದರೆ ಹಸಿರು ಸ್ಟಿಕರ್, ಬರೆಯದಿದ್ದರೆ ಕೆಂಪು. ಹಾಳೆ ತಯಾರಿಸಿದವನು ಅಪ್ಪ, ಸ್ಟಿಕರ್ ಅಂಟಿಸುವ ಅಧಿಕಾರ ನನ್ನದು, ಅದರ ಮುಂದೆ ಹಾದುಹೋದಾಗಲೆಲ್ಲ ಮೂಗು ಮುರಿಯುವ ಕೆಲಸ ಅಮ್ಮನದು. ನನಗಾಗ ಹನ್ನೆರಡು. ಈಗ ಹದಿನೆಂಟು. ಹದಿನೆಂಟಕ್ಕೇ ಬಾಲ್ಯದ ಕಥೆ ಬರೆಯಲು ಕೂತಿದ್ದೀಯಲ್ಲ, ಮುಂದಕ್ಕೂ ಸ್ವಲ್ಪ ಉಳಿಸಿಕೋ ಎಂದು ಅಮ್ಮ ಛೇಡಿಸುತ್ತಾಳೆ. ನನಗೆ ಉಳಿಸಿಕೊಳ್ಳುವ ಮನಸ್ಸಿಲ್ಲ. ಉಳಿಸಿಕೊಂಡಷ್ಟೂ ಇದನ್ನು ನನಗೆ ಅನುಕೂಲವಾಗುವಂತೆ ತಿದ್ದುತ್ತೇನೆ, ನನ್ನ ಸ್ವಭಾವ ನನಗೆ ಗೊತ್ತು. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಅದು ಮೂರು ಅಂತಸ್ತಿನ ಇಕ್ಕಟ್ಟು ಟೌನ್‌ಹೌಸ್. ಕೆಳಗೆ ಬೇಸ್‌ಮೆಂಟ್, ಅಲ್ಲಿ ಅಪ್ಪನ ಆಫೀಸು. ಕೋವಿಡ್‌ಗೆ ಮುಂಚೆ ಅಪ್ಪ ದಿನವೂ ನದಿ ದಾಟಿ ರೆಸ್ಟನ್‌ಗೆ ಡ್ರೈವ್ ಮಾಡುತ್ತ ಟ್ರಾಫಿಕ್ಕಿಗೆ ಶಾಪ ಹಾಕುತ್ತಿದ್ದ. ಈಗ ಹದಿಮೂರು ಮೆಟ್ಟಿಲು ಇಳಿದರೆ ಆಫೀಸು, ಆದರೂ ತಡವಾಗಿಯೇ ಹೋಗುತ್ತಿದ್ದ. ಮಧ್ಯದಲ್ಲಿ ಅಡುಗೆಮನೆ, ಹಾಲ್, ಮತ್ತು ಬಾಗಿಲ ಪಕ್ಕದಲ್ಲಿ ಚಳಿಗಾಲದ ಕೋಟು ತೂಗುಹಾಕುವ ಕ್ಲಾಸೆಟ್. ಅದೇ ನಮ್ಮ ದೇವರಮನೆ. ಕೋಟುಗಳೆಲ್ಲ ಸೋಫಾದ ಮೇಲೆ ಬಿದ್ದಿರುತ್ತಿದ್ದವು, ದೇವರು ಮಾತ್ರ ಬೆಚ್ಚಗೆ ಒಳಗಿರುತ್ತಿದ್ದ. ಮೇಲೆ ಮಲಗುವ ಕೋಣೆಗಳು. ಅದರಲ್ಲಿ ಒಂದು ನನ್ನದು, ಆ ಫೆಬ್ರವರಿಯಿಂದ ನನ್ನದೂ ಅಜ್ಜಿಯದೂ. ಅಜ್ಜಿ ಎಂದರೆ ಅಪ್ಪನ ಅಮ್ಮ. ಮೈಸೂರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿ ಇದ್ದವಳು ಆರು ತಿಂಗಳ ಮಟ್ಟಿಗೆಂದು ಬಂದಿದ್ದಳು. ಬಂದ ತಿಂಗಳಿಗೇ ಊರೂರೇ ಬಾಗಿಲು ಹಾಕಿಕೊಂಡಿತು, ವಿಮಾನ ನಿಂತಿತು, ಅವಳು ನಮ್ಮಲ್ಲೇ ಉಳಿದಳು. ಅಜ್ಜಿಯ ಮಂಚದ ಪಕ್ಕ ನೆಲದಲ್ಲಿ ಹೀಟರಿನ ಜಾಲರಿ ಇತ್ತು. ಅದಕ್ಕೆ ಕಿವಿಗೊಟ್ಟರೆ ಬೇಸ್‌ಮೆಂಟಿನಲ್ಲಿ ಅಪ್ಪ ಆಡುವ ಮಾತೆಲ್ಲ ಕೇಳುತ್ತಿತ್ತು. ಮಗ ಇಡೀ ದಿನ ಯಾರ ಹತ್ತಿರವೋ ‘ಸಾರಿ’ ಕೇಳುತ್ತಾನಲ್ಲ, ಅಷ್ಟೊಂದು ಏನು ತಪ್ಪು ಮಾಡುತ್ತಾನೆ ಎಂದು ಅಜ್ಜಿಗೆ ಚಿಂತೆ.

ಅವಳ ಸೂಟ್‌ಕೇಸಿನಲ್ಲಿ ಹುಳಿಪುಡಿ, ಚಟ್ನಿಪುಡಿಗಳ ಕೆಳಗೆ ಒಂದು ಮರದ ಸ್ಕೇಲೂ ಒಂದು ಪೆನ್ಸಿಲ್ಲೂ ಇದ್ದವು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುವಾಗ ಅದೇಕೆ ತಂದೆ ಎಂದು ಕೇಳಿದೆ. ಆಗ ಹೇಳಿದಳು.

"ನಿಮ್ಮಪ್ಪಂಗೆ ನಾಲ್ಕು ವರ್ಷ ಇದ್ದಾಗ ಜ್ವರ ನೆತ್ತಿಗೇರಿ ಮೂರು ದಿನ ಕಣ್ಣೇ ಬಿಡ್ಲಿಲ್ಲ ಕಣೇ. ಆಸ್ಪತ್ರೆ ಬೆಂಚ್ ಮೇಲೆ ಕೂತು ಅನ್ಕೊಂಡೆ, ಮಗ ಎದ್ರೆ ನನ್ನ ಕೈಯಾರೆ ಲಕ್ಷ ಸಲ ಶ್ರೀರಾಮ ಅಂತ ಬರೀತೀನಿ ಅಂತ. ನಾಲ್ಕನೇ ದಿನ ಎದ್ದು ಕೂತು ಬನ್ ಕೇಳ್ದ."

"ಸೋ, ಬರೆದ್ಯಾ?"

"ಎಲ್ಲಿ ಬರೆದೆ."

ಐದು ಸಲ ಶುರುಮಾಡಿದ್ದಳಂತೆ. ಒಂದು ಸಲ ಚಿಕ್ಕಪ್ಪ ಹುಟ್ಟಿದ, ನಿಂತಿತು. ಒಂದು ಸಲ ಅವಳ ಅತ್ತೆ ಹಾಸಿಗೆ ಹಿಡಿದರು, ನಿಂತಿತು. ಇನ್ನೊಂದು ಸಲ ಯಾಕೆ ನಿಂತಿತೆಂದು ಅವಳಿಗೇ ನೆನಪಿಲ್ಲ, ಸುಮ್ಮನೆ ನಿಂತಿತು. ಅದೇ ಅವಳಿಗೆ ಹೆಚ್ಚು ನಾಚಿಕೆ. ಅಪ್ಪನಿಗೆ ಕಾಲು ಮುರಿದಾಗ, ಕೆಲಸ ಹೋದಾಗ, ಏನೇ ಆದಾಗಲೂ ಅವಳಿಗೆ ಅನಿಸಿದ್ದು ಒಂದೇ: ಹರಕೆ ಬಾಕಿಯಿದೆ, ಮಗನ ತಲೆಯ ಮೇಲೆ ತೂಗುತ್ತಿದೆ. ‘ಇಲ್ಲಿ ನಂಗೇನೂ ಕೆಲಸ ಇಲ್ಲ, ಈ ಸಲ ಮುಗಿಸಿಯೇ ಊರಿಗೆ ಹೋಗೋದು’ ಎಂದಳು. ಶಾಲೆಯ ಸಾಮಾನಿನಲ್ಲಿ ನನ್ನದೇ ಐದು ಕಾಂಪೊಸಿಷನ್ ನೋಟ್‌ಬುಕ್ ಕೊಟ್ಟೆ, ಕಪ್ಪು ಬಿಳುಪು ಚುಕ್ಕೆಯ ರಟ್ಟಿನವು. ಕೆಂಪು ಜೆಲ್ ಪೆನ್ನಿನ ಡಬ್ಬಿಯನ್ನೂ ಕೊಟ್ಟೆ. ರಾಮನವಮಿಯ ದಿನ ಪಾನಕ ಕುಡಿದು ಶುರುಮಾಡಿದಳು.

ಅವಳು ಬರೆಯುವುದಕ್ಕೆ ಒಂದು ಕ್ರಮವಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಮಾರನೆಯ ದಿನದ ಮೂರು ಪುಟಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವುದು. ಅಡ್ಡಕ್ಕೆ ಹನ್ನೆರಡು, ಉದ್ದಕ್ಕೆ ಒಂಬತ್ತು. ಪುಟಕ್ಕೆ ನೂರೆಂಟು ಚೌಕ. ಅವಳು ಅವನ್ನು ಮನೆ ಎನ್ನುತ್ತಿದ್ದಳು. ಬೆಳಿಗ್ಗೆ ಸ್ನಾನವಾದ ಮೇಲೆ ಕಿಟಕಿಯ ಬಳಿ ಮಡಚುವ ಮೇಜು ಬಿಡಿಸಿ ಒಂದೊಂದು ಮನೆಗೂ ಒಂದೊಂದು ಶ್ರೀರಾಮ. ಒಂಬೈನೂರ ಇಪ್ಪತ್ತಾರು ಪುಟ ತುಂಬಿದರೆ ಲಕ್ಷದ ಮೇಲೆ ಎಂಟು ಆಗುತ್ತದೆ ಎಂದು ಅಪ್ಪ ಲೆಕ್ಕ ಹಾಕಿದಾಗ, ಆ ಎಂಟು ಇರಲಿ, ಕಾಗುಣಿತ ತಪ್ಪಿದ್ದಕ್ಕೆ ಎಂದಳು. ನಾನು ಆನ್‌ಲೈನ್ ಕ್ಲಾಸಿನಲ್ಲಿ ಕ್ಯಾಮೆರಾ ಮುಚ್ಚಿ ಅವಳ ಎದುರು ಕೂರುತ್ತಿದ್ದೆ. ಐದನೇ ವರ್ಷಕ್ಕೇ ಇಲ್ಲಿಗೆ ಬಂದ ನನಗೆ ಕನ್ನಡ ಮಾತು ತಕ್ಕಮಟ್ಟಿಗೆ ಬರುತ್ತಿತ್ತು, ಅಕ್ಷರ ಒಂದೂ ಬರುತ್ತಿರಲಿಲ್ಲ. ಅಜ್ಜಿ ರಫ್ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದುಕೊಡುವಳು, ನಾನು ಅದರ ಮೇಲೆಯೇ ಪೆನ್ನಿನಲ್ಲಿ ತಿದ್ದುವುದು. ಮೊದಲು ಶ್ರೀ, ಆಮೇಲೆ ರಾ, ಆಮೇಲೆ ಮ. ಅವಳ ಶ್ರೀ ಎಂದರೆ ಬಾಲ ಉದ್ದವಾಗಿ ಹೋಗಿ ರಾ ಅಕ್ಷರದ ಕಾಲ ಕೆಳಗೆ ನಿಲ್ಲಬೇಕು. ಮ ಕೊನೆಯಲ್ಲಿ ಸಣ್ಣಗೆ ಕೊಂಕಿ ಮೇಲೇಳಬೇಕು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಐವತ್ತೂ ಅಕ್ಷರ, ಕಾಗುಣಿತ, ಒತ್ತಕ್ಷರ ಎಲ್ಲ ಅವಳು ಬರೆದದ್ದರ ಮೇಲೇ ತಿದ್ದಿ ತಿದ್ದಿ ಕಲಿತೆ. ಕನ್ನಡ ಬರೆಯುವ ಇನ್ನೊಂದು ಕೈಯನ್ನು ನಾನು ಹತ್ತಿರದಿಂದ ನೋಡಿಯೇ ಇರಲಿಲ್ಲ.

ಅಪ್ಪನಿಗೆ ಇದು ಗೊತ್ತಾದದ್ದೇ ತಡ, ಬೇಸ್‌ಮೆಂಟಿನಿಂದ ಮ್ಯಾನೇಜರನ ಹಾಗೆ ಮೇಲೆದ್ದು ಬಂದ. ಅವನು ಕೆಟ್ಟವನಲ್ಲ, ಪಾಪ. ಮುಗಿಯದ ಕೆಲಸ ಕಂಡರೆ ಅವನಿಗೆ ತಡೆಯದು, ಅವನದು ಬಿಟ್ಟು. ದಿನಕ್ಕೆ ಮೂರು ಪುಟ ಟಾರ್ಗೆಟ್, ಫ್ರಿಜ್ಜಿನ ಮೇಲೆ ಹಾಳೆ, ಬೆಳಿಗ್ಗೆ ತಿಂಡಿ ತಿನ್ನುವಾಗ ನಿಂತುಕೊಂಡೇ ವರದಿ. ಚಿತ್ರಾನ್ನದ ತಟ್ಟೆ ಹಿಡಿದು ಅಜ್ಜಿ ಸ್ಟವ್ ಪಕ್ಕ ನಿಂತು ನಿನ್ನೆ ಎಷ್ಟಾಯಿತು, ಇವತ್ತು ಎಷ್ಟು, ಅಡ್ಡಿ ಏನಿದೆ ಎಂದು ಹೇಳಬೇಕು. ಮೊದಮೊದಲು ಅವಳಿಗೂ ಮೋಜೆನಿಸಿತು.

"ನಿನ್ನೆ ಮೂರಾಯ್ತು. ಇವತ್ತೂ ಮೂರೇ. ಅಡ್ಡಿ ಅಂದ್ರೆ ನೀನೇ, ಪದೇ ಪದೇ ಬಂದು ಎಷ್ಟಾಯ್ತು ಅಂತ ಕೇಳ್ತೀಯ."

"ಅಮ್ಮ, ಒಂದ್ ಐಡಿಯಾ. ನಾವು ನಾಲ್ಕು ಜನ ಇದೀವಲ್ಲ, ಸ್ಪ್ಲಿಟ್ ಮಾಡ್ಕೊಂಡ್ರೆ ಮೂರು ತಿಂಗಳಲ್ಲಿ ಡನ್."

"ಹಂಗೆಲ್ಲ ಆಗಲ್ಲ ಕಣೋ. ಹರಕೆ ಹೊತ್ತೋಳ ಕೈಯಲ್ಲೇ ಆಗ್ಬೇಕು. ನೀವು ಬರೆದ್ರೆ ಅದು ನಿಮ್ಮ ಪುಣ್ಯ, ನನ್ನ ಬಾಕಿ ಹಂಗೇ ಇರುತ್ತೆ."

ನಾನು ಆಗ ಅಲ್ಲೇ ಇದ್ದೆ, ತಟ್ಟೆಯಲ್ಲಿ ಕಡಲೆಕಾಯಿ ಬೀಜ ಹುಡುಕಿ ತಿನ್ನುತ್ತಿದ್ದೆ. ಈ ಮಾತು ನನಗೆ ಕೇಳಿಸಲಿಲ್ಲ, ಅರ್ಥವಾಗಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಅಮ್ಮನಿಗೆ ಹಾಳೆ ಕಂಡರೆ ಆಗುತ್ತಿರಲಿಲ್ಲ. ಅವಳು ಲ್ಯಾಬಿನಲ್ಲಿ ಕೆಲಸ ಮಾಡುವವಳು, ಊರೆಲ್ಲ ಮನೆಯಲ್ಲಿದ್ದಾಗ ಅವಳೊಬ್ಬಳೇ ಹೋಗಿಬರಬೇಕು. ಬಂದವಳು ಗರಾಜಿನಲ್ಲೇ ಬೂಟು ಬಿಚ್ಚಿ, ಯಾರನ್ನೂ ಮುಟ್ಟದೆ, ನೇರ ಸ್ನಾನಕ್ಕೆ. ಜೀವಮಾನವೆಲ್ಲ ಮಡಿ ಮಾಡಿದ ಅಜ್ಜಿಗೆ ಸೊಸೆಯೇ ತನ್ನನ್ನು ಮುಟ್ಟಬೇಡಿ ಎಂದಾಗ ಮೊದಲು ನಗು ಬಂತು, ಆಮೇಲೆ ಬೇಜಾರಾಯಿತು. ಇಬ್ಬರ ನಡುವೆ ಸಣ್ಣಪುಟ್ಟದ್ದು ಇದ್ದೇ ಇರುತ್ತಿತ್ತು: ಸಾರಿಗೆ ಬೆಲ್ಲ ಹಾಕುವುದು, ಡಿಶ್‌ವಾಷರಿಗೆ ಬಾಣಲೆ ಹಾಕುವುದು. ಆದರೆ ಹಾಳೆಯ ವಿಷಯದಲ್ಲಿ ಅಮ್ಮ ಅಜ್ಜಿಯ ಕಡೆ. ಒಂದು ಭಾನುವಾರ ಅಕ್ಕಿರೊಟ್ಟಿ ತಟ್ಟುತ್ತ ಅಪ್ಪನಿಗೆ ಜೋರಾಗಿಯೇ ಹೇಳಿದಳು.

"ಅದು ಅವ್ರ ಹರಕೆ ರೀ, ನಿಮ್ಮ ಪ್ರಾಜೆಕ್ಟ್ ಅಲ್ಲ. ಎಪ್ಪತ್ತೈದು ವರ್ಷದೋರ್ನ ಸ್ಟಿಕರ್ ಹಾಕಿ ಹೆದರಿಸ್ತೀರಲ್ಲ."

"ಹೆದರ್ಸ್ತಿಲ್ಲ, ಮೋಟಿವೇಟ್ ಮಾಡ್ತಿದೀನಿ. ನಲವತ್ತು ವರ್ಷದಿಂದ ಪೆಂಡಿಂಗ್ ಇದೆ ಅದು."

"ನೀವು ಬದುಕಿ ಗಟ್ಟಿಮುಟ್ಟಾಗೇ ಇದೀರಲ್ಲ. ರಾಮ ಏನೂ ಫಾಲೋ ಅಪ್ ಮಾಡ್ತಿಲ್ಲ ತಾನೆ?"

ಅಜ್ಜಿ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದು ಮೇಲೆ ಹೋದಳು.

ಅಕ್ಟೋಬರ್‌ವರೆಗೆ ಹಸಿರೇ ಹೆಚ್ಚು. ದೀಪಾವಳಿ ಕಳೆದು ಹಗಲು ಚಿಕ್ಕದಾದಂತೆ ಅಜ್ಜಿಯೂ ಮಂಕಾದಳು. ಕಿಟಕಿಯ ಹೊರಗೆ ಪಾರ್ಕಿಂಗ್ ಲಾಟ್, ಎಲೆಯಿಲ್ಲದ ಮರ, ಒಂದು ನರಪಿಳ್ಳೆಯ ಓಡಾಟವಿಲ್ಲ. ಮನೆ ಬಿಟ್ಟು ಹೊರಡದೆ ಒಂಬತ್ತು ತಿಂಗಳಾಗಿತ್ತು. ಪೆನ್ನು ಹಿಡಿದು ಕೂರುವಳು, ಹತ್ತು ಮನೆ ತುಂಬುವಳು, ಕೈ ಉಜ್ಜಿಕೊಳ್ಳುತ್ತ ಹೊರಗೆ ನೋಡುವಳು. ‘ಯಾಕೋ ಮನಸ್ಸೇ ಇಲ್ಲ ಪುಟ್ಟಿ. ನನ್ನ ಹಣೇಲಿ ಇದು ಮುಗಿಯೋದು ಬರ್ದಿಲ್ಲ ಅನ್ಸುತ್ತೆ’ ಎಂದಳು ಒಂದು ದಿನ. ಫ್ರಿಜ್ಜಿನ ಮೇಲೆ ಸಾಲಾಗಿ ಏಳು ಕೆಂಪು ಬಿದ್ದವು. ಬೆಳಗಿನ ವರದಿಯಲ್ಲಿ ಅವಳು ತಲೆ ತಗ್ಗಿಸಿ ನಿಲ್ಲುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಎಂಟನೆಯ ದಿನ ಊಟವಾದ ಮೇಲೆ ಅವಳು ಒಂದು ಗಳಿಗೆ ಮಲಗಿದ್ದಳು. ಪುಟ ಅರ್ಧಕ್ಕೆ ನಿಂತಿತ್ತು, ಗುರುತಿಗೆ ನವಿಲುಗರಿ ಅಡ್ಡ ಇಟ್ಟಿದ್ದಳು. ಕೆಳಗಿನ ಮನೆಗಳೆಲ್ಲ ಗೆರೆ ಎಳೆದು ಸಿದ್ಧವಾಗಿ ಖಾಲಿ ಇದ್ದವು. ನಾನು ಕೆಂಪು ಪೆನ್ನು ತೆಗೆದುಕೊಂಡು ಒಂದು ಮನೆ ತುಂಬಿದೆ. ಮೇಲಿನದಕ್ಕೂ ಇದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ನನಗೆ ಭಯವಾಗಬೇಕಿತ್ತು, ಹೆಮ್ಮೆಯಾಯಿತು. ಅಲ್ಜೀಬ್ರಾ ಕ್ಲಾಸ್ ಕಿವಿಯಲ್ಲಿ ಓಡುತ್ತಿರುವಾಗಲೇ ಆ ಪುಟ ಮುಗಿಸಿ, ಮುಂದಿನ ಎರಡನ್ನೂ ಮುಗಿಸಿ, ಗರಿಯನ್ನು ಎರಡು ಪುಟ ಮುಂದಕ್ಕಿಟ್ಟೆ.

ಅಜ್ಜಿ ಎದ್ದು ಬಂದು ನೋಟ್‌ಬುಕ್ ತೆರೆದಳು. ಹಿಂದಿನ ಪುಟ ತಿರುಗಿಸಿದಳು, ಮುಂದಿನದು ತಿರುಗಿಸಿದಳು. ನಾನು ಲ್ಯಾಪ್‌ಟಾಪಿನೊಳಗೆ ಮುಖ ಹುದುಗಿಸಿದೆ.

"ಪುಟ್ಟಿ, ಬೆಳಿಗ್ಗೆ ನಾನು ಇಷ್ಟೊಂದು ಬರೆದ್ನೇನೇ?"

"ಬರೆದೆ ಅಜ್ಜಿ. ಯು ವರ್ ಸೋ ಫಾಸ್ಟ್ ಟುಡೇ."

ಅವಳು ಎರಡೂ ಕೈ ಜೋಡಿಸಿ ಕಣ್ಣಿಗೊತ್ತಿಕೊಂಡಳು. ‘ನಂಗೇ ಗೊತ್ತಿಲ್ದಂಗೆ ಅವನೇ ಬರೆಸ್ಕೊಂಡಿದಾನೆ ಕಣೇ’ ಎಂದಳು. ಆ ಸಂಜೆ ಅವಳೇ ಬಂದು ಫ್ರಿಜ್ಜಿನ ಮುಂದೆ ನಿಂತು ಹಸಿರು ಹಾಕಿಸಿಕೊಂಡಳು. ಮಾರನೆಯ ದಿನ ನಾನು ಏನೂ ಮಾಡದೆಯೇ ನಾಲ್ಕು ಪುಟ ಬರೆದಳು. ನನ್ನ ಎರಡು ಪುಟಕ್ಕೆ ಅಷ್ಟು ಶಕ್ತಿ ಇತ್ತು. ಅಪ್ಪನ ಹಾಳೆ, ಅಪ್ಪನ ಟಾರ್ಗೆಟ್ ಯಾವುದೂ ಮಾಡದ್ದನ್ನು ನಾನು ಮಾಡಿದ್ದೆ. ಅಲ್ಲಿಂದಾಚೆ ಅವಳು ಸೊರಗಿದ ದಿನವೆಲ್ಲ ಕದ್ದು ಒಂದು ಪುಟ, ಅರ್ಧ ಪುಟ ತುಂಬುತ್ತ ಹೋದೆ. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಸುಳ್ಳು ಹೇಳಬಾರದೆಂದು ಬೇರೆಯವರಿಗೆ ಹೇಳಿದ ಮಾತು, ನಾನು ಒಳ್ಳೆಯ ಕೆಲಸ ಮಾಡುತ್ತಿದ್ದೆನಲ್ಲ.

ಜನವರಿಯಲ್ಲಿ ಅಪ್ಪನಿಗೆ ಕೋವಿಡ್ ಬಂತು. ಬೇಸ್‌ಮೆಂಟಿನ ಬಾಗಿಲು ಮುಚ್ಚಿತು. ಅಮ್ಮ ರಜೆ ಹಾಕಿ, ಮೇಲಿನ ಮೆಟ್ಟಿಲ ಮೇಲೆ ಗಂಜಿಯ ಬಟ್ಟಲಿಟ್ಟು ಹಿಂದೆ ಸರಿಯುವಳು; ಅಪ್ಪ ಮಾಸ್ಕ್ ಹಾಕಿಕೊಂಡು ಬಂದು ಎತ್ತಿಕೊಂಡು ಹೋಗುವನು. ನಾಲ್ಕನೆಯ ದಿನದಿಂದ ಬಟ್ಟಲು ಹಾಗೇ ತಣ್ಣಗಾಗತೊಡಗಿತು. ಕೆಮ್ಮು ಹೀಟರಿನ ಜಾಲರಿಯಿಂದ ನಮ್ಮ ಕೋಣೆಗೆ ಬರುತ್ತಿತ್ತು. ಅಜ್ಜಿ ಮೇಜು ಬಿಟ್ಟು ಜಾಲರಿಯ ಪಕ್ಕ ನೆಲದ ಮೇಲೇ ಕೂತು, ಮಂಚದ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆದಳು. ಊಟ ಬೇಡ, ಕಾಫಿ ಬೇಡ. ಬೆರಳಿನ ಗೆಣ್ಣು ಊದಿಕೊಂಡಿತು. ಕೆಮ್ಮು ಬಂದಾಗ ಪೆನ್ನು ನಿಲ್ಲುವುದು, ಕೆಮ್ಮು ನಿಂತಾಗ ಪೆನ್ನು ಓಡುವುದು. ‘ಅವತ್ತೇ ಮುಗಿಸಿದ್ರೆ ಇದಾಗ್ತಿರ್ಲಿಲ್ಲ’ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ನೂರಕ್ಕೂ ಹೆಚ್ಚು ಪುಟ ಬಾಕಿ ಇತ್ತು. ಅವಳ ನಂಬಿಕೆ ನನಗೂ ಅಂಟಿತ್ತು. ಲಕ್ಷ ಮುಗಿದರೆ ಅಪ್ಪ ಮೇಲೆ ಬರುತ್ತಾನೆ, ಮುಗಿಯದಿದ್ದರೆ ಬರುವುದಿಲ್ಲ, ಅಷ್ಟೇ ಲೆಕ್ಕ. ಅವಳು ಸ್ನಾನಕ್ಕೆ ಹೋದಾಗ, ದೇವರ ಮುಂದೆ ಕೂತಾಗ, ಕೂತಲ್ಲೇ ಕಣ್ಣು ಮುಚ್ಚಿದಾಗ ನಾನು ಬರೆದೆ. ಗೆರೆ ಇರದಿದ್ದರೆ ಗೆರೆ ಎಳೆದು ಬರೆದೆ. ಎಷ್ಟು ಬರೆದೆನೋ ಎಣಿಸಲಿಲ್ಲ. ಎಣಿಸಬೇಕೆಂದು ಹೊಳೆಯಲೂ ಇಲ್ಲ.

ಹತ್ತನೆಯ ದಿನ ಅಪ್ಪ ಗಂಜಿ ಕುಡಿದ. ಹದಿನೈದನೆಯ ದಿನ ಮೆಟ್ಟಿಲು ಹತ್ತಿ ಬಂದು, ಗಡ್ಡ ಬಿಟ್ಟ ಮುಖದಲ್ಲಿ ಫ್ರಿಜ್ಜಿನ ಹಾಳೆ ನೋಡಿ, ‘ಎಲ್ಲಾ ಗ್ರೀನ್’ ಎಂದ. ಅದಾಗಿ ಎರಡು ದಿನಕ್ಕೆ ಅಜ್ಜಿ ಕೊನೆಯ ಮನೆ ತುಂಬಿದಳು. ಪಾಯಸ, ಕೋಸಂಬರಿ, ಆಂಬೊಡೆ. ಅಮ್ಮ ನಾಲ್ಕು ದಿನದ ಮುಂಚೆಯೇ ಹೂವು ತರಿಸಿಟ್ಟಿದ್ದಳು. ಕೋಟಿನ ಕ್ಲಾಸೆಟ್ಟಿನ ಮುಂದೆ ಐದು ನೋಟ್‌ಬುಕ್ಕನ್ನು ಕೆಂಪು ರವಿಕೆ ಬಟ್ಟೆಯಲ್ಲಿ ಸುತ್ತಿಟ್ಟು ಅಜ್ಜಿ ಮಗನ ತಲೆಯ ಮೇಲೆ ಕೈಯಿಟ್ಟು ಅತ್ತಳು. ನನ್ನ ಕಡೆ ತಿರುಗಿ ಹೇಳಿದಳು:

"ನನ್ನ ಜನ್ಮದಲ್ಲಿ ಪೂರ್ತಿ ಮಾಡಿದ್ದು ಅಂತ ಇದೊಂದೇ ಪುಟ್ಟಿ. ಅದ್ರಲ್ಲೂ ಕೊನೇಲಿ ನನ್ನ ಕೈ ಆಗಿರ್ಲಿಲ್ಲ, ಆ ರಾಮನ ಕೈಯೇ."

ನಾನು ಪಾಯಸದಲ್ಲಿ ದ್ರಾಕ್ಷಿ ಹುಡುಕುತ್ತ ಕೂತೆ. ಮುಂದಿನ ಬೇಸಿಗೆಯಲ್ಲಿ ಅಜ್ಜಿ ಊರಿಗೆ ಹೋದಳು. ನೋಟ್‌ಬುಕ್ಕುಗಳನ್ನು ಕೈಚೀಲದಲ್ಲೇ ಹೊತ್ತುಕೊಂಡು ಹೋಗಿ ಅವರ ಬೀದಿಯ ರಾಮಮಂದಿರಕ್ಕೆ ಒಪ್ಪಿಸಿದಳು. ಅಲ್ಲಿ ಹೊಸದಾಗಿ ಪೀಠ ಕಟ್ಟುತ್ತಿದ್ದರಂತೆ, ಅದರ ಕೆಳಗಿಟ್ಟು ಕಲ್ಲು ಮುಚ್ಚಿದರು. ಆ ಫೋಟೊ ಅಪ್ಪನ ಫೋನಿಗೆ ಬಂತು. ನಾವೂ ಮರುವರ್ಷ ಅಪ್ಪನ ಹೊಸ ಕೆಲಸದ ಹಿಂದೆ ಗೈದರ್ಸ್‌ಬರ್ಗ್ ಬಿಟ್ಟು ಶಾರ್ಲಟ್‌ಗೆ ಬಂದೆವು. ಫ್ರಿಜ್ಜು ಆ ಮನೆಯಲ್ಲೇ ಉಳಿಯಿತು. ಹಾಳೆಯನ್ನು ಅಮ್ಮ ಕಿತ್ತು ಮಡಚಿ ಮರುಬಳಕೆಯ ಡಬ್ಬಿಗೆ ಹಾಕಿದಳು.

ಇಲ್ಲಿಗೇ ನಿಂತಿದ್ದರೆ ಇದು ಒಳ್ಳೆಯ ಕಥೆ. ಹದಿನೈದನೆಯ ವಯಸ್ಸಿನಲ್ಲಿ ನನಗೆ ಸತ್ಯದ ಹುಚ್ಚು ಹಿಡಿಯಿತು. ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಒಂದು ಪ್ರಬಂಧ ಕೊಟ್ಟರು: ಸತ್ಯ ಹೇಳಲು ನಿನಗೆ ಧೈರ್ಯ ಬೇಕಾದ ಒಂದು ಸಂದರ್ಭ. ನನ್ನ ಹತ್ತಿರ ಸಂದರ್ಭವಿತ್ತು, ಧೈರ್ಯದ ಭಾಗ ಮಾತ್ರ ಇನ್ನೂ ಆಗಿರಲಿಲ್ಲ. ಮೊದಲು ಅಮ್ಮನಿಗೆ ಹೇಳಿದೆ. ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಲೂ ಇಲ್ಲ.

"ಗೊತ್ತು. ನಿನ್ನ ಬೆರಳೆಲ್ಲ ಕೆಂಪು ಇಂಕ್ ಇರ್ತಿತ್ತು."

"ದೆನ್ ವೈ ಡಿಡಂಟ್ ಯು ಸ್ಟಾಪ್ ಮೀ?"

"ಅವ್ರು ಊಟ ಬಿಟ್ಟಿದ್ರು. ನೀನು ಬರೆದಷ್ಟೂ ಅವ್ರು ಬೇಗ ಏಳ್ತಾರೆ ಅನ್ಕೊಂಡೆ. ಈಗ ಹೇಳಕ್ಕೆ ಹೋಗ್ಬೇಡ. ನೆಮ್ಮದಿಯಾಗಿದಾರೆ."

"ಬಟ್ ಇಟ್ಸ್ ಎ ಲೈ, ಅಮ್ಮ."

"ಆಗ್ಲಿ. ಇಟ್ಕೋ. ನಿನ್ನ ಹತ್ರಾನೇ ಇಟ್ಕೋ."

ದೊಡ್ಡವರೆಲ್ಲ ಹೀಗೆಯೇ, ಬರೀ ನಾಟಕ ಎಂದುಕೊಂಡೆ. ಆ ಶನಿವಾರ ಬೆಳಿಗ್ಗೆ, ಮೈಸೂರಿನಲ್ಲಿ ಅಜ್ಜಿ ದೀಪ ಹಚ್ಚಿ ಕೂರುವ ಹೊತ್ತಿಗೆ, ವಿಡಿಯೊ ಕಾಲ್ ಮಾಡಿದೆ. ಹಣೆ ಮಾತ್ರ ಕಾಣುವಂತೆ ಫೋನ್ ಹಿಡಿದುಕೊಂಡಿದ್ದಳು, ಅವಳ ರೂಢಿ. ಕಣ್ಣಿಗೆ ಪೊರೆ ಬರುತ್ತಿದೆ, ಡಾಕ್ಟರ್ ಹತ್ತಿರ ಹೋಗಬೇಕು ಎನ್ನುತ್ತಿದ್ದಳು. ನಾನು ನಡುವೆ ಬಾಯಿ ಹಾಕಿ ಹೇಳಿಬಿಟ್ಟೆ, ಎಲ್ಲವನ್ನೂ, ಅಲ್ಜೀಬ್ರಾ ಕ್ಲಾಸನ್ನೂ ಸೇರಿಸಿ. ಹಣೆ ಅಲುಗಲಿಲ್ಲ. ಕಾಲ್ ನಿಂತುಹೋಯಿತೇನೋ ಎಂದುಕೊಂಡೆ.

"ಅವತ್ತು ಮೊದಲನೇ ಸಲ, ಎರಡು ಪುಟ ಆಗಿತ್ತಲ್ಲ. ಅದೂ ನೀನೇನಾ?"

"ನಾನೇ ಅಜ್ಜಿ."

"ಓ."

ಆ ‘ಓ’ ಇವತ್ತಿಗೂ ನನ್ನ ಕಿವಿಯಲ್ಲಿದೆ. ಬೈದಿದ್ದರೆ ಮರೆತಿರುತ್ತಿದ್ದೆ. ಅವಳು ಕೇಳಿದಳು:

"ಒಟ್ಟು ಎಷ್ಟು ಪುಟ?"

"ಗೊತ್ತಿಲ್ಲ."

"ಅಂದಾಜು?"

"ನಲವತ್ತು ಇರ್ಬೋದು. ಎಂಬತ್ತೂ ಇರ್ಬೋದು. ಐ ರಿಯಲಿ ಡೋಂಟ್ ನೋ, ಅಜ್ಜಿ."

"ನೋಡಿದ್ರೆ ಗೊತ್ತಾಗಲ್ವಾ, ಯಾವುದು ನಿಂದು ಅಂತ?"

"ಇಲ್ಲ. ಎರಡೂ ಒಂದೇ ಥರ ಇತ್ತು."

"ಸರಿ ಬಿಡು. ಹೇಳಿದ್ದು ಒಳ್ಳೇದಾಯ್ತು. ಊಟ ಮಾಡ್ದ್ಯಾ?"

ನಮ್ಮಲ್ಲಿ ಆಗಿನ್ನೂ ಬೆಳಗಿನ ಒಂಬತ್ತು ಗಂಟೆ. ಮಾಡಿದೆ ಎಂದೆ. ಫೋನಿಟ್ಟ ಮೇಲೆ ನನಗೆ ಹಗುರವಾಯಿತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಎಷ್ಟೋ ದಿನದ ಮೇಲೆ ನಿರಾಳವಾಗಿ ಎರಡು ದೋಸೆ ತಿಂದೆ. ಪ್ರಬಂಧಕ್ಕೆ ಎ ಪ್ಲಸ್ ಬಂತು. ಟೀಚರ್ ತರಗತಿಯಲ್ಲಿ ಓದಿಸಿದರು.

ಎರಡು ವಾರದ ಮೇಲೆ ಚಿಕ್ಕಪ್ಪ ಅಪ್ಪನಿಗೆ ಫೋನ್ ಮಾಡಿ, ಅಜ್ಜಿ ಹೊಸ ನೋಟ್‌ಬುಕ್ ತರಿಸಿಕೊಂಡಿದ್ದಾಳೆ, ಯಾಕೆಂದು ಹೇಳುತ್ತಿಲ್ಲ ಎಂದ. ಎಷ್ಟು ಪುಟ ತನ್ನದಲ್ಲ ಎಂದು ಗೊತ್ತಾಗದಿದ್ದರೆ ಯಾವುದೂ ತನ್ನದಲ್ಲ ಎಂದೇ ಅವಳ ಲೆಕ್ಕ. ಒಂದರಿಂದ ಶುರುಮಾಡಿದ್ದಳು. ನಾನು ಒಂದು ಸಂಖ್ಯೆ ಹೇಳಬಹುದಿತ್ತು. ನಲವತ್ತೈದು ಎಂದು ಗಟ್ಟಿಯಾಗಿ ಹೇಳಿದ್ದರೆ ನಲವತ್ತೈದು ಪುಟ ಬರೆದು, ಒಂದು ಬಟ್ಟಲು ಪಾಯಸ ಮಾಡಿ, ನೆಮ್ಮದಿಯಾಗಿ ಇರುತ್ತಿದ್ದಳು. ಅಷ್ಟೊಂದು ಸುಳ್ಳು ಬರೆದವಳಿಗೆ ಇನ್ನೊಂದು ಸುಳ್ಳು ಬಾಯಿಗೆ ಬರಬಾರದಿತ್ತೇ. ಆಮೇಲೆ ಅವಳ ದಿನವೆಲ್ಲ ಅದೇ ಆಯಿತು. ಸಂಜೆ ಪಾರ್ಕಿನ ಗೆಳತಿಯರ ಜೊತೆ ಕೂರುವುದು ಬಿಟ್ಟಳು. ಒಂದು ಕಣ್ಣಿನ ಪೊರೆ ತೆಗೆಸಿದಳು, ಇನ್ನೊಂದಕ್ಕೆ ಪುರುಸೊತ್ತಿಲ್ಲ ಎಂದಳು. ನಾನು ಫೋನ್ ಮಾಡಿದರೆ ಸಂತೋಷದಿಂದಲೇ ಮಾತಾಡುತ್ತಿದ್ದಳು, ಆದರೆ ಬೇಗ ಮುಗಿಸುತ್ತಿದ್ದಳು. ಅಪ್ಪ ಒಮ್ಮೆ, ‘ನಂಗೆ ಏನೂ ಆಗಲ್ಲ, ಬಿಟ್ಬಿಡಮ್ಮ’ ಎಂದ. ‘ನಿಂಗೋಸ್ಕರ ಅಲ್ಲ ಕಣೋ ಈಗ’ ಎಂದಳಂತೆ. ಯಾರಿಗೋಸ್ಕರ ಎಂದು ಅಪ್ಪ ಕೇಳಲಿಲ್ಲ. ನಾನು ಕೇಳಬಹುದಿತ್ತು, ಕೇಳಲಿಲ್ಲ. ಒಂದು ದಿನವೂ ಈ ಸಲ ಎಷ್ಟಾಯಿತು ಅಜ್ಜಿ ಎಂದು ಕೂಡ ಕೇಳಲಿಲ್ಲ.

ಮುಗಿಯಲಿಲ್ಲ. ಒಂದು ಬೆಳಿಗ್ಗೆ ಸ್ನಾನಕ್ಕೆ ನೀರು ಬಿಟ್ಟವಳು ಹೊರಗೆ ಬರಲಿಲ್ಲ. ಅಪ್ಪ ಒಬ್ಬನೇ ಹೋಗಿ ಕರ್ಮ ಮುಗಿಸಿ ಬಂದ. ಅವನ ಪೆಟ್ಟಿಗೆಯಲ್ಲಿ ಹುಳಿಪುಡಿ ಇರಲಿಲ್ಲ. ಮರದ ಸ್ಕೇಲಿತ್ತು, ಎರಡು ನೋಟ್‌ಬುಕ್ ಇತ್ತು. ಎರಡನೆಯದರ ನಡುವೆ ನವಿಲುಗರಿ. ಗರಿಯ ಎಡಕ್ಕೆ ಕೆಂಪು ಅಕ್ಷರ, ಮೊದಲಿಗಿಂತ ದೊಡ್ಡವು, ಕೆಲವು ಗೆರೆ ದಾಟಿ ಪಕ್ಕದ ಮನೆಗೆ ಕಾಲಿಟ್ಟಿದ್ದವು. ಬಲಕ್ಕೆ ಮಾರನೆಯ ದಿನಕ್ಕೆಂದು ಗೆರೆ ಎಳೆದಿಟ್ಟ ಮೂರು ಪುಟ, ಮುನ್ನೂರ ಇಪ್ಪತ್ತನಾಲ್ಕು ಖಾಲಿ ಮನೆ.

"ನೀನೇ ಮುಗ್ಸು ಪುಟ್ಟಿ. ಆರುನೂರು ಚಿಲ್ಲರೆ ಪುಟ ಬಾಕಿ ಇದೆ. ದಿನಕ್ಕೆ ಎರಡು ಅಂದ್ರೂ ಒಂದು ವರ್ಷದೊಳಗೆ ಆಗುತ್ತೆ," ಎಂದ ಅಪ್ಪ. ಅವನ ದನಿಯಲ್ಲಿ ಮ್ಯಾನೇಜರ್ ಇರಲಿಲ್ಲ. "ಅಮ್ಮಂಗೆ ಇಷ್ಟ ಆಗುತ್ತೆ."

ಇಷ್ಟವಾಗುವುದಿಲ್ಲ ಎಂದು ನನಗೆ ಗೊತ್ತು. ಆದರೂ ಒಂದು ಉಪಾಯ ಹೊಳೆಯಿತು: ಅವಳ ಹೆಸರಿನಲ್ಲಿ ಬೇಡ, ನನ್ನ ಹೆಸರಿನಲ್ಲೇ ಬರೆಯೋಣ, ನನ್ನದೇ ಕೈಯಲ್ಲಿ, ಇದು ಮೊಮ್ಮಗಳದೆಂದು ನೋಡಿದ ಕೂಡಲೇ ಗೊತ್ತಾಗುವಂತೆ. ಒಂದು ರಫ್ ಹಾಳೆ ತೆಗೆದುಕೊಂಡು ಕೂತೆ. ಓರೆಯಾಗಿ ಬರೆದೆ, ದುಂಡಗೆ ಬರೆದೆ, ಬಾಲ ಕತ್ತರಿಸಿದೆ, ಎಡಗೈಯಲ್ಲಿ ಬರೆದೆ. ಎರಡನೇ ಸಾಲಿಗೇ ಶ್ರೀ ಬಾಲ ಬಿಟ್ಟುಕೊಂಡು ರಾ ಕೆಳಗೆ ಹೋಗಿ ನಿಲ್ಲುವುದು, ಮ ಕೊಂಕಿ ಮೇಲೇಳುವುದು. ನನಗೆ ಬೇರೆ ಕೈಯಿಲ್ಲ. ಆ ಮೂರು ಪುಟ ಈಗಲೂ ಖಾಲಿ ಇವೆ, ನನ್ನ ಮೇಜಿನ ಮೇಲಿನ ಶೆಲ್ಫಿನಲ್ಲಿ. ಮುಂದಿನ ತಿಂಗಳು ಕಾಲೇಜಿಗೆ ಹೋಗುವಾಗ ತೆಗೆದುಕೊಂಡು ಹೋಗುವುದೋ ಇಲ್ಲೇ ಬಿಡುವುದೋ ಇನ್ನೂ ತೀರ್ಮಾನ ಮಾಡಿಲ್ಲ.

ಇದನ್ನಾದರೂ ಅರ್ಧಕ್ಕೆ ಬಿಡಬಾರದೆಂದು ಹಟ ಹಿಡಿದು ಮೂರು ವಾರದಿಂದ ಊಟದ ಮೇಜಿನ ಮುಂದೆ ಕೂತು ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ನಾನು ನೀರು ಕುಡಿಯಲು ಎದ್ದಾಗ ಅಮ್ಮ ಕೆಲಸದಿಂದ ಬಂದು, ಬ್ಯಾಗು ಹೆಗಲಲ್ಲಿರುವಂತೆಯೇ ಹಾಳೆಗಳನ್ನು ಕೈಗೆತ್ತಿಕೊಂಡಳು. ಕನ್ನಡಕ ಹಾಕಿಕೊಂಡಿರಲಿಲ್ಲ. ಓದಲಿಲ್ಲ, ಸುಮ್ಮನೆ ನೋಡಿದಳು. ಅವಳ ಕಣ್ಣು ತುಂಬಿದವು.

"ಅತ್ತೆದು ಇದು. ಎಲ್ಲಿ ಸಿಕ್ತು ನಿಂಗೆ?"

"ಅಲ್ಲಮ್ಮ," ಎಂದೆ. "ನಂದು."